ಕಾಲಿಗೆ ತಕ್ಕ ಪೆಡಲು: ಒತ್ತಡದ ಪಾಠವೊಂದರ ಅನುಭವ

ಬಿ.ಇಡಿ. ಮೂರನೇ ಸೆಮಿಸ್ಟರಿನ ಶಾಲಾ ಅಭ್ಯಾಸ ಬೋಧನೆಯಲ್ಲಿ ನನಗೆ ಎಂಟನೇ ತರಗತಿಯ ವಿಜ್ಞಾನ ಸಿಕ್ಕಿತ್ತು. ಘಟಕ ‘ಬಲ ಮತ್ತು ಒತ್ತಡ’. ಈ ಘಟಕವನ್ನು ನಮ್ಮಲ್ಲಿ ಎಲ್ಲರೂ ಹೆಚ್ಚುಕಡಿಮೆ ಒಂದೇ ರೀತಿ ಪಾಠ ಮಾಡುತ್ತೇವೆ. ಮೊಳೆಯ ಚೂಪು ತುದಿ, ಹರಿತವಾದ ಚಾಕು, ಹೊರೆ ಹೊರುವವರ ತಲೆಯ ಮೇಲಿನ ಸಿಂಬಿ, ಮರಳಿನಲ್ಲಿ ನಡೆಯುವ ಒಂಟೆಯ ಪಾದ. ನಾನೂ ಅದೇ ನಾಲ್ಕು ಉದಾಹರಣೆಗಳನ್ನು ಚಾರ್ಟಿನಲ್ಲಿ ಬರೆದುಕೊಂಡು ಹೋಗಿದ್ದೆ. ಆ ಚಾರ್ಟನ್ನು ಬದಿಗಿಟ್ಟು ಬೇರೊಂದು ದಾರಿ ಹಿಡಿದದ್ದು ಹೇಗೆ, ಆ ದಾರಿಯಲ್ಲಿ ಎಲ್ಲಿ ಎಡವಿದೆ, ಹೇಗೆ ಎದ್ದೆ ಎಂಬುದನ್ನು ಸಹ ಪ್ರಶಿಕ್ಷಣಾರ್ಥಿಗಳ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಹಿನ್ನೆಲೆ

ನಮ್ಮ ಅಭ್ಯಾಸ ಶಾಲೆಯ ಕಾಂಪೌಂಡಿಗೆ ತಾಗಿಕೊಂಡೇ ಒಂದು ಪಾರ್ಕ್ ಇದೆ. ಅಲ್ಲಿ ಈಚೆಗೆ ಓಪನ್ ಜಿಮ್ ಮಾಡಿದ್ದಾರೆ. ಅದರಲ್ಲಿರುವ ಒಂದು ಯಂತ್ರ ಎಲಿಪ್ಟಿಕಲ್ ಟ್ರೈನರ್; ಕ್ರಾಸ್ ಟ್ರೈನರ್ ಎಂದೂ ಕರೆಯುತ್ತಾರೆ. ಎರಡು ಪೆಡಲುಗಳ ಮೇಲೆ ನಿಂತು, ಎರಡು ಕೈಹಿಡಿಗಳನ್ನು ಹಿಂದೆ ಮುಂದೆ ತೂಗುತ್ತಾ, ನಿಂತಲ್ಲೇ ನಡೆಯುವ ಯಂತ್ರ. 1995ರಲ್ಲಿ ಅಮೆರಿಕದ ಪ್ರಿಕೋರ್ ಕಂಪನಿ ಮಾರುಕಟ್ಟೆಗೆ ತಂದ ಈ ಬಗೆಯ ಯಂತ್ರ ಈಗ ನಮ್ಮ ಊರುಗಳ ಪಾರ್ಕುಗಳಿಗೂ ಬಂದಿದೆ. ಪಾದ ಪೆಡಲನ್ನು ಬಿಟ್ಟು ಏಳುವುದೇ ಇಲ್ಲವಾದ್ದರಿಂದ ಓಡುವಾಗ ಮಂಡಿಗೆ ಬೀಳುವ ಪೆಟ್ಟು ಇಲ್ಲಿ ಬೀಳುವುದಿಲ್ಲ. ಅದೇ ಇದರ ದೊಡ್ಡ ಗುಣ. ಆದರೆ ಅದೇ ಗುಣ ಒಂದು ತೊಂದರೆಯ ಮೂಲವೂ ಹೌದು ಎಂಬುದು ನನಗೆ ಗೊತ್ತಾದದ್ದು ಆಮೇಲೆ.

ಪೀಠಿಕೆಯ ಪ್ರಶ್ನೆಗಳನ್ನು ಕೇಳುತ್ತಿದ್ದಾಗ, “ನಿಮ್ಮ ಪಾದಕ್ಕೆ ಒತ್ತಡ ಗೊತ್ತಾದ ಸಂದರ್ಭ ಯಾವುದು?” ಎಂದೆ. ಎರಡನೇ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಮಿಸ್, ಪಾರ್ಕಲ್ಲಿ ನಡೆಯೋ ಮಷೀನ್ ಇದೆಯಲ್ಲ, ಅದರ ಮೇಲೆ ಐದು ನಿಮಿಷ ನಿಂತ್ರೆ ಸಾಕು, ಬೆರಳೆಲ್ಲ ಜೋಮು ಹಿಡಿಯುತ್ತೆ” ಎಂದಳು. ನಾನು ಯೋಚನೆಯನ್ನೇ ಮಾಡದೆ, “ನೀನು ಸರಿಯಾಗಿ ನಿಂತಿರೋದಿಲ್ಲ, ಅದಕ್ಕೇ ಹಾಗಾಗುತ್ತೆ” ಎಂದು ಕೂರಿಸಿಬಿಟ್ಟೆ. ತರಗತಿ ನಕ್ಕಿತು. ಅವಳು ಆ ಅವಧಿಯಲ್ಲಿ ಮತ್ತೆ ಕೈ ಎತ್ತಲಿಲ್ಲ.

ಸಂಜೆ ಪಾಠ ಟಿಪ್ಪಣಿ ಬರೆಯುವಾಗ ಆ ಮುಖ ಕಣ್ಣಿಗೆ ಕಟ್ಟಿತು. ಬೇಕಾದ ಉದಾಹರಣೆಯನ್ನು ಅವಳೇ ಕೈಗಿಟ್ಟಿದ್ದಳು. ನಾನು ಅದನ್ನು ಅವಳ ತಪ್ಪು ಮಾಡಿ ಹಿಂದಿರುಗಿಸಿದ್ದೆ. ಮಾರ್ಗದರ್ಶಿ ಶಿಕ್ಷಕರ ಅನುಮತಿ ಪಡೆದು ಮುಂದಿನ ಮೂರು ಅವಧಿಗಳನ್ನು ಆ ಪೆಡಲಿನ ಸುತ್ತಲೇ ಯೋಜಿಸಿದೆ.

ಕಲಿಕಾ ಫಲಗಳು

1. ಒತ್ತಡವೆಂದರೆ ಒಂದು ಮೇಲ್ಮೈಯ ಏಕಮಾನ ವಿಸ್ತೀರ್ಣದ ಮೇಲೆ ಬೀಳುವ ಬಲ ಎಂಬುದನ್ನು ತಮ್ಮದೇ ಪಾದದ ಅಳತೆಯಿಂದ ಲೆಕ್ಕ ಹಾಕುವರು.
2. ಬಳಸುವವರ ದೇಹದ ಅಳತೆಯನ್ನೂ ಯಂತ್ರದ ಅಳತೆಯನ್ನೂ ಹೋಲಿಸಿ ತಾಳೆ ನೋಡುವರು.
3. ಊಹೆಯನ್ನು ಅಳತೆಯಿಂದ ಪರೀಕ್ಷಿಸುವರು.
4. ಹಿತಕರವಾದ ಪೆಡಲಿಗೆ ಇರಬೇಕಾದ ಗುಣಗಳನ್ನು ಕಾರಣಸಹಿತ ಪಟ್ಟಿ ಮಾಡುವರು.

ಉಪಕರಣಗಳು: ಗ್ರಾಫ್ ಹಾಳೆ, ಅಳತೆ ಟೇಪು, ದೊಡ್ಡ ಕೋನಮಾಪಕ, ದಾರಕ್ಕೆ ಕಟ್ಟಿದ ಕಲ್ಲು, ರಟ್ಟು, ಗುಂಡುಸೂಜಿ, ಒಂದು ಬಕೆಟ್ ನೀರು. ಎಲ್ಲಕ್ಕೂ ಸೇರಿ ನನಗೆ ಹೆಚ್ಚಿನ ಖರ್ಚೇನೂ ಆಗಲಿಲ್ಲ.

ಮೊದಲ ಅವಧಿ: ಪಾದವನ್ನು ಅಳೆಯುವುದು

ಮಕ್ಕಳು ಗ್ರಾಫ್ ಹಾಳೆಯ ಮೇಲೆ ನಿಂತು ಜೊತೆಗಾರರಿಂದ ಪಾದದ ಅಂಚು ಗೀಚಿಸಿಕೊಂಡರು. ನೆಲಕ್ಕೆ ತಾಗದ ಒಳಕಮಾನನ್ನು ಬಿಟ್ಟು ಚೌಕಗಳನ್ನು ಎಣಿಸಿದರು. ಎಣಿಕೆ ಒಬ್ಬೊಬ್ಬರದು ಒಂದೊಂದು ಬಂತು. ಲೆಕ್ಕ ಸುಲಭವಾಗಲೆಂದು ಕಪ್ಪುಹಲಗೆಯ ಮೇಲೆ ಒಂದು ಮಾದರಿ ತೆಗೆದುಕೊಂಡೆವು: ತೂಕ 40 ಕೆ.ಜಿ., ಅಂದರೆ ಬಲ ಸುಮಾರು 400 ನ್ಯೂಟನ್. ಒಂದು ಪಾದದ ತಾಗುವ ವಿಸ್ತೀರ್ಣ 100 ಚದರ ಸೆಂ.ಮೀ.; ಅದರಲ್ಲಿ ಬೆರಳು ಮತ್ತು ಮುಂಗಾಲಿನದು 40 ಚದರ ಸೆಂ.ಮೀ.

ಎರಡೂ ಪಾದ ಪೂರ್ತಿ ಊರಿ ನಿಂತರೆ 400ನ್ನು 200ರಿಂದ ಭಾಗಿಸಬೇಕು. ಪ್ರತಿ ಚದರ ಸೆಂ.ಮೀ.ಗೆ 2 ನ್ಯೂಟನ್. ಹಿಮ್ಮಡಿ ಎತ್ತಿ ಎರಡೂ ಮುಂಗಾಲಿನ ಮೇಲೆ ನಿಂತರೆ 400ನ್ನು 80ರಿಂದ ಭಾಗಿಸಬೇಕು, 5 ನ್ಯೂಟನ್. ಒಂದೇ ಮುಂಗಾಲಿನ ಮೇಲೆ ನಿಂತರೆ 10 ನ್ಯೂಟನ್. ಭಾರ ಬದಲಾಗಲಿಲ್ಲ, ತಾಗುವ ಜಾಗ ಬದಲಾಯಿತು ಎಂಬುದನ್ನು ಮಕ್ಕಳೇ ಹೇಳಿದರು. ಪರಿಕಲ್ಪನೆ ಅರ್ಥವಾದ ಬಗ್ಗೆ ನನಗೆ ಸಂಶಯ ಉಳಿಯಲಿಲ್ಲ.

ಎರಡನೇ ಅವಧಿ: ಯಂತ್ರವನ್ನು ಅಳೆಯುವುದು

ಪಾರ್ಕಿಗೆ ಹೋಗುವ ಮೊದಲು ಒಂದು ನಿಯಮ ಮಾಡಿದೆ. ಯಂತ್ರವನ್ನು ಯಾರೂ ಓಡಿಸುವಂತಿಲ್ಲ. ಪೆಡಲು ಅಲುಗಾಡದಂತೆ ಹಗ್ಗದಿಂದ ಕಟ್ಟಿ, ಬೇಕಾದ ಸ್ಥಾನಗಳಿಗೆ ನಾನೇ ತಿರುಗಿಸಿ ನಿಲ್ಲಿಸಿದೆ. ಚಲಿಸುವ ಸಂದುಗಳಲ್ಲಿ ಮಕ್ಕಳ ಬೆರಳು ಸಿಕ್ಕುವ ಅಪಾಯವಿರುವುದರಿಂದ ಈ ಎಚ್ಚರ ಕಡ್ಡಾಯ.

ಹೊರಡುವ ಮುನ್ನವೇ ಮಕ್ಕಳಿಂದ ಊಹೆ ಬರೆಸಿದ್ದೆ. ಬಹಳ ಮಂದಿ, “ಯಂತ್ರದ ಹೆಜ್ಜೆ ನಮಗೆ ಉದ್ದವಾಗುತ್ತದೆ” ಎಂದು ಬರೆದಿದ್ದರು. ಅಳೆದಾಗ ಪೆಡಲು ಹಿಂದಿನಿಂದ ಮುಂದಕ್ಕೆ ಹೋಗುವ ದೂರ ಸುಮಾರು 40 ಸೆಂ.ಮೀ. ಬಂತು. ಮಕ್ಕಳು ನಡೆಯುವಾಗ ಇಡುವ ಹೆಜ್ಜೆ ಅದಕ್ಕಿಂತ ಉದ್ದವಿತ್ತು. ಊಹೆ ಬಿದ್ದುಹೋಯಿತು. ಆದರೆ ಬೇರೆ ಮೂರು ಸಂಗತಿಗಳು ಸಿಕ್ಕವು.

ಮೊದಲನೆಯದು, ಎರಡು ಪೆಡಲುಗಳ ನಡುವಿನ ಅಂತರ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 28 ಸೆಂ.ಮೀ. ಇತ್ತು. ಮಕ್ಕಳು ಬಕೆಟ್ಟಿನಲ್ಲಿ ಕಾಲು ಅದ್ದಿ ಒಣ ಸಿಮೆಂಟಿನ ಮೇಲೆ ಸಹಜವಾಗಿ ನಡೆದರು. ಒದ್ದೆ ಹೆಜ್ಜೆಗಳ ಎಡಬಲದ ಅಂತರ ಹತ್ತು ಸೆಂ.ಮೀ. ಆಸುಪಾಸಿನಲ್ಲಿತ್ತು. ಅಂದರೆ ಯಂತ್ರದ ಮೇಲೆ ಕಾಲು ಅಗಲಿಸಿಕೊಂಡೇ ನಡೆಯಬೇಕು. ಹಾಗೆ ನಡೆದರೆ ಸೊಂಟ ಅತ್ತಿತ್ತ ತೂಗುತ್ತದೆ, ಭಾರ ಪಾದದ ಒಂದು ಅಂಚಿಗೆ ವಾಲುತ್ತದೆ. ಸೈಕಲ್ ತಯಾರಕರು ಈ ಅಂತರವನ್ನು ಕ್ಯೂ ಫ್ಯಾಕ್ಟರ್ ಎನ್ನುತ್ತಾರೆ. ರಸ್ತೆ ಸೈಕಲ್ಲಿನಲ್ಲಿ ಅದು ಸುಮಾರು 15 ಸೆಂ.ಮೀ. ಇರುತ್ತದೆ. ಎಲಿಪ್ಟಿಕಲ್ ಯಂತ್ರ ಕೊಳ್ಳುವವರು ಈ ಅಂತರ ಕಡಿಮೆ ಇರುವುದನ್ನು ಹುಡುಕುವುದು ಇದೇ ಕಾರಣಕ್ಕೆ.

ಎರಡನೆಯದು, ಪೆಡಲಿನ ಓರೆ. ನಮ್ಮ ಪಾರ್ಕಿನ ಯಂತ್ರದಲ್ಲಿ ಪೆಡಲು ಒಂದು ಉದ್ದ ಸಲಾಕೆಗೆ ಬೆಸುಗೆ ಹಾಕಿದೆ. ಸಲಾಕೆಯ ಹಿಂತುದಿ ಚಕ್ರದ ಜೊತೆ ಸುತ್ತುತ್ತದೆ, ಮುಂತುದಿ ಕೈಹಿಡಿಯ ಕೆಳತುದಿಗೆ ಸೇರಿ ಹಿಂದೆ ಮುಂದೆ ತೂಗುತ್ತದೆ. ಹಿಂತುದಿ ಮೇಲಕ್ಕೆ ಬಂದಾಗ ಪೆಡಲಿನ ಹಿಮ್ಮಡಿ ಭಾಗ ಏಳುತ್ತದೆ, ಬೆರಳಿನ ಭಾಗ ತಗ್ಗುತ್ತದೆ. ಕೋನಮಾಪಕಕ್ಕೆ ಕಲ್ಲು ಕಟ್ಟಿದ ದಾರ ಇಳಿಬಿಟ್ಟು ಅಳೆದರೆ ಸುಮಾರು 13 ಡಿಗ್ರಿ. ಸಲಾಕೆಯ ಉದ್ದ 90 ಸೆಂ.ಮೀ., ಚಕ್ರದ ತೋಳು 20 ಸೆಂ.ಮೀ.; ಲೆಕ್ಕದಿಂದಲೂ ಅಷ್ಟೇ ಬರುತ್ತದೆ. ಇಳಿಜಾರಿನಲ್ಲಿ ನಿಂತಂತೆ ಭಾರ ಮುಂಗಾಲಿಗೆ ಜಾರುತ್ತದೆ.

ಮೂರನೆಯದನ್ನು ಕಂಡುಹಿಡಿದವಳು ಅದೇ ಹುಡುಗಿ. ನಾನು ಯಂತ್ರವನ್ನು ಬಿಗಿಯಾಗಿ ಕಟ್ಟಿ, ಪಕ್ಕದಲ್ಲೇ ನಿಂತು, ಅವಳನ್ನು ಪೆಡಲಿನ ಮೇಲೆ ನಿಲ್ಲಿಸಿದೆ. ಪೆಡಲಿನ ಉದ್ದ 35 ಸೆಂ.ಮೀ., ಅವಳ ಪಾದ 21 ಸೆಂ.ಮೀ. ಹಿಂದೆ ಸರಿದು ನಿಂತರೆ ಕೈಹಿಡಿ ಎಟುಕುವುದಿಲ್ಲ. ಮುಂದೆ ಸರಿದರೂ ಕೈ ಚಾಚಬೇಕು. ಚಾಚಿದಾಗ ಮೈ ಮುಂದಕ್ಕೆ ಬಾಗಿ ಹಿಮ್ಮಡಿ ತಾನಾಗಿ ಏಳುತ್ತದೆ. “ನೋಡಿ ಮಿಸ್, ನಾನು ಸರಿಯಾಗೇ ನಿಂತಿದ್ದೀನಿ” ಎಂದಳು. ಈ ಸಲ ಯಾರೂ ನಗಲಿಲ್ಲ. ಯುರೋಪಿನಲ್ಲಿ ಇಂಥ ಬಯಲು ವ್ಯಾಯಾಮ ಸಾಧನಗಳಿಗೆ ಇರುವ ಇಎನ್ 16630 ಎಂಬ ಮಾನದಂಡ, ಇವು 140 ಸೆಂ.ಮೀ.ಗಿಂತ ಎತ್ತರದವರಿಗೆ ಎಂದು ಹೇಳುತ್ತದೆ. ಅವಳ ಎತ್ತರ 136. ತಪ್ಪು ಅವಳ ಕಾಲಿನಲ್ಲಿರಲಿಲ್ಲ.

ನಾನು ಎಡವಿದ್ದು

ತರಗತಿಗೆ ಮರಳಿ ಸಾರಾಂಶ ಹೇಳಿದೆ: ಯಂತ್ರದ ಮೇಲೆ ಭಾರ ಮುಂಗಾಲಿಗೆ ಬೀಳುತ್ತದೆ, ವಿಸ್ತೀರ್ಣ ಕಡಿಮೆ, ಒತ್ತಡ ಹೆಚ್ಚು, ಆದ್ದರಿಂದ ಜೋಮು. ಅಂದು ನಮ್ಮ ವಿಧಾನ ಬೋಧಕರು ಅವಲೋಕನಕ್ಕೆಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಪಾಠ ಚೆನ್ನಾಗಿ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಆ ಹುಡುಗಿ ಕೈ ಎತ್ತಿದಳು.

“ಮಿಸ್, ಎರಡೂ ಮುಂಗಾಲಿನ ಮೇಲೆ ನಿಂತ್ರೆ 5 ಅಂತ ಬರೆದಿದ್ದೀರಿ. ನಡೆಯುವಾಗ ಹಿಮ್ಮಡಿ ಎತ್ತಿದಾಗ ಪೂರ್ತಿ ಭಾರ ಒಂದೇ ಮುಂಗಾಲಿನ ಮೇಲಿರುತ್ತಲ್ಲ, ಅದು 10. ನಾನು ದಿನಾ ಎರಡು ಕಿಲೋಮೀಟರ್ ನಡ್ಕೊಂಡು ಶಾಲೆಗೆ ಬರ್ತೀನಿ. ಆಗ ಯಾಕೆ ಜೋಮು ಹಿಡಿಯಲ್ಲ?”

ನನ್ನ ಬಳಿ ಉತ್ತರವಿರಲಿಲ್ಲ. ಇಲ್ಲ ಎಂದು ಹೇಳುವ ಧೈರ್ಯವೂ ಇರಲಿಲ್ಲ. “ನಡೆಯುವುದು ನಮಗೆ ಅಭ್ಯಾಸವಾಗಿರುತ್ತೆ, ಅದಕ್ಕೆ” ಎಂದೆ. ಗಂಟೆ ಹೊಡೆಯಿತು. ಪಾಠ ದಾಖಲೆಯಲ್ಲಿ ‘ಉದ್ದೇಶಗಳು ಈಡೇರಿವೆ’ ಎಂದು ಬರೆದು ಸಹಿಗೆ ಕೊಟ್ಟೆ. ಬೋಧಕರು ಅವಲೋಕನ ಪತ್ರದಲ್ಲಿ ಹೊಗಳಿಕೆಯ ನಾಲ್ಕು ಸಾಲು ಬರೆದು ಕೊನೆಗೆ ಒಂದು ಸಾಲು ಸೇರಿಸಿದ್ದರು: “ವಿದ್ಯಾರ್ಥಿನಿಯ ಪ್ರಶ್ನೆ ನಿಮ್ಮ ಸೂತ್ರಕ್ಕಿಂತ ಮುಂದಿದೆ. ಅದಕ್ಕೆ ಉತ್ತರ ಸಿಗುವವರೆಗೆ ಪಾಠ ಮುಗಿದಿಲ್ಲ.”

ಅಂದು ರಾತ್ರಿ ಜೀವಶಾಸ್ತ್ರ, ದೈಹಿಕ ಶಿಕ್ಷಣದ ಪುಸ್ತಕಗಳನ್ನು ತಿರುವಿದೆ. ಉತ್ತರ ನಡಿಗೆಯ ಚಕ್ರದಲ್ಲಿತ್ತು. ನಡೆಯುವಾಗ ಒಂದು ಪಾದ ಪೂರ್ತಿ ಒಂದು ಸುತ್ತಿನಲ್ಲಿ ಸುಮಾರು ಶೇ. 60ರಷ್ಟು ಕಾಲ ನೆಲದ ಮೇಲಿರುತ್ತದೆ, ಶೇ. 40ರಷ್ಟು ಕಾಲ ಗಾಳಿಯಲ್ಲಿರುತ್ತದೆ. ನೆಲದ ಮೇಲಿರುವಾಗಲೂ ಭಾರ ಹಿಮ್ಮಡಿಯಿಂದ ಬೆರಳಿಗೆ ಉರುಳುತ್ತಾ ಹೋಗುತ್ತದೆ. ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ. ಯಂತ್ರದ ಮೇಲೆ ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಾಗುತ್ತಿದ್ದರೂ ಪಾದ ಪೆಡಲನ್ನು ಬಿಡುವುದೇ ಇಲ್ಲ. ಮುಂಗಾಲಿನ ಮೂಳೆಗಳ ನಡುವೆ ಹಾದುಹೋಗುವ ನರಗಳಿಗೂ ರಕ್ತನಾಳಗಳಿಗೂ ಬಿಡುವು ಸಿಗುವುದಿಲ್ಲ. ಒತ್ತಡ ಎಷ್ಟು ಎಂಬುದರ ಜೊತೆಗೆ, ಎಷ್ಟು ಹೊತ್ತು ಬಿಡದೆ ಎಂಬುದೂ ಮುಖ್ಯ. ಪೆಟ್ಟು ಬೀಳದಿರಲೆಂದು ಮಾಡಿದ ಏರ್ಪಾಡೇ ಬಿಡುವನ್ನೂ ಕಸಿದುಕೊಂಡಿತ್ತು.

ಮೂರನೇ ಅವಧಿ: ಮರುಪಾಠ

ತರಗತಿಗೆ ಹೋದವಳೇ ಮೊದಲು, “ನಿನ್ನೆ ನಾನು ಹೇಳಿದ ಉತ್ತರ ತಪ್ಪು. ಪ್ರಶ್ನೆ ಸರಿಯಾಗಿತ್ತು” ಎಂದೆ. ತರಗತಿ ಒಂದು ಕ್ಷಣ ಸುಮ್ಮನಾಯಿತು. ಆ ಮೌನಕ್ಕೆ ನಾನು ಹೆದರಿದ್ದೆ. ಆದರೆ ಅದರ ಹಿಂದೆಯೇ ಕೈಗಳು ಎದ್ದವು.

ಒಂದು ಸಣ್ಣ ಪ್ರಯೋಗ ಮಾಡಿಸಿದೆ. ಬಲಗೈ ತೋರುಬೆರಳಿನ ತುದಿಯನ್ನು ಬೆಂಚಿಗೆ ಅರ್ಧ ನಿಮಿಷ ಬಿಡದೆ ಒತ್ತಬೇಕು. ಎಡಗೈ ತೋರುಬೆರಳಿನಿಂದ ಅಷ್ಟೇ ಹೊತ್ತು, ಇನ್ನೂ ಜೋರಾಗಿ, ಒತ್ತಿ ಬಿಡುತ್ತಾ ಇರಬೇಕು. ಬಿಡದೆ ಒತ್ತಿದ ಬೆರಳ ತುದಿ ಬಿಳಿಚಿಕೊಂಡೇ ಇತ್ತು. ಎತ್ತಿದ ಮೇಲೆ ಬಣ್ಣ ಮರಳಿತು. ಒತ್ತಿ ಬಿಟ್ಟ ಬೆರಳಿಗೆ ಪ್ರತಿ ಸಲವೂ ಬಣ್ಣ ಬಂದು ಹೋಗುತ್ತಿತ್ತು. ಒಬ್ಬ ಹುಡುಗ, “ಚಕ್ಕಳಮಕ್ಕಳ ಹಾಕಿ ತುಂಬಾ ಹೊತ್ತು ಊಟಕ್ಕೆ ಕೂತ್ರೆ ಕಾಲು ಜೋಮು ಹಿಡಿಯೋದೂ ಇದಕ್ಕೇನಾ?” ಎಂದ. ಇನ್ನೊಬ್ಬಳು, “ನಮ್ಮಮ್ಮ ಹೊಲಿಗೆ ಮಷೀನ್ ತುಳಿಯುವಾಗ ಒಂದು ಕಾಲು ಮುಂದೆ, ಒಂದು ಹಿಂದೆ ಇಟ್ಕೊಂಡು ಆಗಾಗ ಅದಲು ಬದಲು ಮಾಡ್ತಾಳೆ” ಎಂದಳು. ನಾನು ವಿವರಿಸಬೇಕಾದದ್ದು ಕಡಿಮೆಯೇ ಉಳಿಯಿತು.

ಬಳಿಕ ಗುಂಪುಗಳಲ್ಲಿ ‘ಹಿತವಾದ ಪೆಡಲು’ ವಿನ್ಯಾಸ ಮಾಡಿಸಿದೆ. ಪ್ರತಿ ಗುಣಕ್ಕೂ ಕಾರಣ ಬರೆಯಬೇಕೆಂಬುದು ಷರತ್ತು. ಮಕ್ಕಳ ಪಟ್ಟಿಗೆ ನಾನು ಓದಿ ತಿಳಿದದ್ದನ್ನೂ ಸೇರಿಸಿ ಅಂತಿಮವಾಗಿ ಚಾರ್ಟಿಗೆ ಬಂದದ್ದು ಇದು:

1. ಪೆಡಲು ಪಾದಕ್ಕಿಂತ ಉದ್ದ ಮತ್ತು ಅಗಲವಿರಬೇಕು. ನಡುನಡುವೆ ಪಾದವನ್ನು ಹಿಂದೆ ಮುಂದೆ ಸರಿಸಿ ಭಾರದ ಜಾಗ ಬದಲಿಸಬಹುದು.
2. ಮೇಲ್ಮೈ ಜಾರಬಾರದು, ಆದರೆ ಗಟ್ಟಿ ಉಬ್ಬುಗಳೂ ಇರಬಾರದು. ಉಬ್ಬಿನ ತುದಿ ಮೊಳೆಯ ತುದಿಯಂತೆ ಒತ್ತುತ್ತದೆ. ಮೆತ್ತನೆಯ ರಬ್ಬರು ಪಾದದ ಆಕಾರಕ್ಕೆ ತಗ್ಗಿ ತಾಗುವ ವಿಸ್ತೀರ್ಣವನ್ನು ಹೆಚ್ಚಿಸುತ್ತದೆ.
3. ಎರಡು ಪೆಡಲುಗಳ ನಡುವಿನ ಅಂತರ ಆದಷ್ಟು ಕಡಿಮೆ ಇರಬೇಕು. ಕೆಲವು ಯಂತ್ರಗಳಲ್ಲಿ ಪೆಡಲನ್ನು ಒಂದೆರಡು ಡಿಗ್ರಿ ಒಳಮುಖವಾಗಿ ಓರೆ ಮಾಡಿರುತ್ತಾರೆ. ಅಗಲಿಸಿ ನಿಂತ ಪಾದ ಒಂದೇ ಅಂಚಿಗೆ ವಾಲದಿರಲೆಂದು.
4. ಪೆಡಲು ಸಲಾಕೆಗೆ ಬಿಗಿಯಾಗಿ ಅಂಟಿರದೆ ಕೀಲಿನ ಮೇಲೆ ಬಾಗುವಂತಿದ್ದರೆ ಪಾದದ ಜೊತೆ ಅದೂ ಬಾಗುತ್ತದೆ, ಹಿಮ್ಮಡಿ ಏಳಬೇಕಾಗಿಲ್ಲ.
5. ಅಂಚಿಗೆ ಸಣ್ಣ ಕಟ್ಟೆ ಇರಬೇಕು, ಪಾದ ಜಾರಿ ಬೀಳದಂತೆ.

ಬಳಸುವವರು ಪಾಲಿಸಬೇಕಾದ ಮಾತುಗಳೂ ಬಂದವು: ಹಿಮ್ಮಡಿ ಊರಿ ನಿಲ್ಲುವುದು, ಶೂ ದಾರವನ್ನು ಬಿಗಿದು ಕಟ್ಟದಿರುವುದು, ಕೆಲವು ನಿಮಿಷಕ್ಕೊಮ್ಮೆ ಇಳಿದು ಬೆರಳಾಡಿಸುವುದು, ನೋವು ಮುಂದುವರಿದರೆ ವೈದ್ಯರಿಗೆ ತೋರಿಸುವುದು. ಕೆಲಸ ಮಾಡುವವರ ದೇಹಕ್ಕೆ ಸಾಧನವನ್ನು ಹೊಂದಿಸುವ ಈ ಶಾಸ್ತ್ರಕ್ಕೆ ಎರ್ಗೊನಾಮಿಕ್ಸ್ ಎಂಬ ಹೆಸರಿದೆ ಎಂದು ಕೊನೆಯಲ್ಲಿ ಹೇಳಿದೆ. ಅಷ್ಟು ಹೊತ್ತಿಗೆ ಅವರು ಅದನ್ನು ಮಾಡಿ ಮುಗಿಸಿದ್ದರು.

ವಿಸ್ತರಣೆ: ರಟ್ಟಿನ ಮಾದರಿ

ಯಂತ್ರಕ್ಕೆ ಎಲಿಪ್ಟಿಕಲ್ ಎಂಬ ಹೆಸರು ಯಾಕೆ ಎಂದು ಕೇಳಿದವರಿಗೆ ಈ ಚಟುವಟಿಕೆ. ರಟ್ಟಿನ ಚಕ್ರದ ಕೇಂದ್ರದಿಂದ 4 ಸೆಂ.ಮೀ. ದೂರದಲ್ಲಿ 30 ಸೆಂ.ಮೀ. ಉದ್ದದ ರಟ್ಟಿನ ಪಟ್ಟಿಯ ಒಂದು ತುದಿಯನ್ನು ಗುಂಡುಸೂಜಿಯಿಂದ ಸೇರಿಸಿ. ಇನ್ನೊಂದು ತುದಿ ನೇರ ಸೀಳಿನಲ್ಲಿ ಜಾರುವಂತಿರಲಿ. ಪಟ್ಟಿಯ ನಡುವೆ ತೂತು ಮಾಡಿ ಪೆನ್ಸಿಲ್ ಇಟ್ಟು ಚಕ್ರ ತಿರುಗಿಸಿ. ಸುಮಾರು 8 ಸೆಂ.ಮೀ. ಉದ್ದ, 4 ಸೆಂ.ಮೀ. ಎತ್ತರದ ದೀರ್ಘವೃತ್ತ ಮೂಡುತ್ತದೆ. ತೂತನ್ನು ಚಕ್ರದ ಕಡೆಗೆ ಸರಿಸಿದರೆ ಆಕೃತಿ ದುಂಡಗಾಗುತ್ತದೆ, ಸೀಳಿನ ಕಡೆಗೆ ಸರಿಸಿದರೆ ಚಪ್ಪಟೆಯಾಗುತ್ತದೆ. ಪೆಡಲನ್ನು ಸಲಾಕೆಯ ಯಾವ ಜಾಗದಲ್ಲಿ ಕೂರಿಸಬೇಕು ಎಂಬುದೂ ವಿನ್ಯಾಸದ ಪ್ರಶ್ನೆಯೇ ಎಂದು ಮಕ್ಕಳಿಗೆ ಇದರಿಂದ ಹೊಳೆಯಿತು. ಗಣಿತದ ಪ್ರಶಿಕ್ಷಣಾರ್ಥಿಗಳೂ ಇದನ್ನು ಬಳಸಬಹುದು.

ಮೌಲ್ಯಮಾಪನ

ಸೂತ್ರ ಕೇಳುವ ಪ್ರಶ್ನೆ ಒಂದನ್ನೇ ಇಟ್ಟೆ. ಉಳಿದವು ಹೀಗಿದ್ದವು: ಒಂದೇ ತೂಕದ ಇಬ್ಬರಲ್ಲಿ ಒಬ್ಬರಿಗೆ ಜೋಮು ಹಿಡಿದು ಇನ್ನೊಬ್ಬರಿಗೆ ಹಿಡಿಯದಿರಲು ಮೂರು ಕಾರಣ ಬರೆಯಿರಿ. ನಿಮ್ಮ ಮನೆಯಲ್ಲಿ ಕಾಲಿನಿಂದ ಅಥವಾ ಕೈಯಿಂದ ಬಳಸುವ ಒಂದು ಸಾಧನ ಯಾರ ಅಳತೆಗೆ ಮಾಡಿದ್ದು ಎಂದು ಪರಿಶೀಲಿಸಿ. ಎರಡನೆಯದಕ್ಕೆ ಬಂದ ಉತ್ತರಗಳು ನನ್ನನ್ನು ಬಹಳ ಹೊತ್ತು ಓದಿಸಿದವು. ಒಬ್ಬ ಹುಡುಗ ಬೀದಿಯ ಬೋರ್‌ವೆಲ್ ಹ್ಯಾಂಡ್‌ಪಂಪಿನ ಹಿಡಿ ತನ್ನ ಅಜ್ಜಿಗೆ ಎಟುಕುವುದಿಲ್ಲ ಎಂದು ಅಳತೆ ಸಮೇತ ಬರೆದಿದ್ದ.

ಕನ್ನಡ ಅವಧಿಯಲ್ಲಿ ಮಕ್ಕಳು ಒಂದು ಮನವಿ ಪತ್ರವನ್ನೂ ಬರೆದರು: ಯಂತ್ರದ ಪಕ್ಕ ಎತ್ತರದ ಗುರುತಿರುವ ಫಲಕ, ಸವೆದ ಪೆಡಲಿಗೆ ರಬ್ಬರು. ಮುಖ್ಯ ಶಿಕ್ಷಕರ ಮೂಲಕ ಅದು ಹೋಗಿದೆ. ಇದನ್ನು ಬರೆಯುವ ಹೊತ್ತಿಗೆ ಉತ್ತರ ಬಂದಿಲ್ಲ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠ ಮಾಡಬಯಸುವವರಿಗೆ ಮೂರು ಮಾತು. ಯಂತ್ರ ಸಿಗದಿದ್ದರೆ ಹೊಲಿಗೆ ಯಂತ್ರ ಅಥವಾ ಸೈಕಲ್ ಸಾಕು. ಅಳೆಯಲು ಒಂದು ಪೆಡಲು, ಒಂದು ಪಾದ ಇದ್ದರೆ ಆಯಿತು. ಊಹೆಯನ್ನು ಅಳತೆಗೆ ಮುಂಚೆಯೇ ಬರೆಸಿ. ಊಹೆ ಬಿದ್ದಾಗಲೇ ಅಳತೆಯ ಬೆಲೆ ತಿಳಿಯುತ್ತದೆ. ಮತ್ತು ಮೂರು ಅವಧಿ ಬೇಕೇ ಬೇಕು. ಎರಡಕ್ಕೆ ನಿಲ್ಲಿಸಿದ್ದರೆ ನನ್ನ ಮಕ್ಕಳು ಅರ್ಧ ಸತ್ಯದೊಂದಿಗೆ ಮನೆಗೆ ಹೋಗುತ್ತಿದ್ದರು.

ಮಗುವೊಂದು ತನಗೆ ತೊಂದರೆಯಾಗುತ್ತಿದೆ ಎಂದಾಗ ‘ನೀನು ಸರಿಯಾಗಿ ನಿಂತಿಲ್ಲ’ ಎನ್ನುವುದು ಬಹಳ ಸುಲಭ. ಪೆಡಲನ್ನು ಅಳೆಯುವುದು ಸ್ವಲ್ಪ ಕಷ್ಟ. ಪಾಠ ದಾಖಲೆಯಲ್ಲಿ ನಾನು ಬರೆದಿದ್ದ ‘ಉದ್ದೇಶಗಳು ಈಡೇರಿವೆ’ ಎಂಬ ಸಾಲನ್ನು ಹೊಡೆದುಹಾಕಿ, ಕೆಳಗೆ ಆ ಹುಡುಗಿಯ ಪ್ರಶ್ನೆಯನ್ನು ಅವಳ ಮಾತಿನಲ್ಲೇ ಬರೆದು, ಮತ್ತೊಮ್ಮೆ ಸಹಿಗೆ ಕೊಟ್ಟೆ.